ಬಾಟಲಿಯ ಹಿಂಬದಿ

ಕಾಸರಗೋಡಿನಲ್ಲಿ ಈಗ ಜನ ತಲೆ ಕೆಡಿಸಿಕೊಂಡಿರುವ ವಿಷಯ ಯಾವುದು ಗೊತ್ತೇ? ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರನ್ನು ಕಳಿಸುವುದಲ್ಲ. ಅಡಿಕೆಯ ಧಾರಣೆಯಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜೂ ಅಲ್ಲ. ಕಾರು ತೊಳೆದಾದ ಮೇಲೆ ಅದರ ಮೈಗೆ ಯಾವ ಸ್ಪ್ರೇ ಹೊಡೆಯಬೇಕು ಎನ್ನುವುದು.

ಮದುವೆ ಚಪ್ಪರದಲ್ಲಿ ಇದೇ ಮಾತು. ಸೊಸೈಟಿಯ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಹಿಂದಿನ ಸಾಲಿನಲ್ಲಿ ಇದೇ ಪಿಸುಮಾತು. ಬೊಜ್ಜದ ಊಟಕ್ಕೆ ಕೂತವರೂ ಸಾರು ಬರುವಷ್ಟರೊಳಗೆ ಕೇಳಿಬಿಡುತ್ತಾರೆ: "ನೀವು ಎಂತ ಹಾಕುದು ಮಾರಾಯ್ರೆ? ವ್ಯಾಕ್ಸಾ, ಸೆರಾಮಿಕ್ಕಾ?" ಸತ್ತವರಿಗೆ ಏನಾಗಿತ್ತು ಎಂದು ಕೇಳಲು ಪಾಯಸದವರೆಗೆ ಸಮಯವಿದೆ.

ಹಿಂದೆ ಕಾರಿಗೆ ಒಂದು ಬಾಲ್ದಿ ನೀರು, ಒಂದು ಹಳೆ ಬನಿಯನು. ಕಾರು ಹೊಳೆಯುತ್ತಿತ್ತು. ಹೊಳೆಯದಿದ್ದರೂ ಓಡುತ್ತಿತ್ತು. ಈಗ ಒರೆಸುವ ಬಟ್ಟೆಗೆ ಮೈಕ್ರೋಫೈಬರ್ ಎಂಬ ಹೆಸರು, ಅದರ ತೂಕಕ್ಕೆ ಜಿಎಸ್‌ಎಂ ಎಂಬ ಲೆಕ್ಕ. ಹೆಂಡತಿಯ ಸೀರೆಯ ಬಗ್ಗೆ ಇಷ್ಟು ವಿಚಾರಿಸಿದ ಗಂಡಸು ಈ ತಾಲೂಕಿನಲ್ಲಿ ಇಲ್ಲ.

ಅಂಗಡಿಗೆ ಹೋಗಿ. ಒಂದು ಗೋಡೆ ತುಂಬ ಬಾಟಲಿ. 400 ರೂಪಾಯಿಯಿಂದ 2000ದವರೆಗೆ. ನಾಲ್ಕು ಜಾತಿ.

ಮೊದಲನೆಯದು ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್ ದೇಶದ ಈಶಾನ್ಯ ಮೂಲೆಯಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯಿಂದ ಉದುರಿಸಿದ ಮೇಣ. 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಒಳ್ಳೆಯ ಮೇಣವೇ, ಬೇಡ ಎನ್ನುವುದಿಲ್ಲ. ಆದರೆ ತೆಂಗು, ಕಂಗು, ತಾಳೆ, ಬೈನೆ, ಈಚಲು ಎಲ್ಲ ಇರುವ ಜಿಲ್ಲೆ ಇದು. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ತೆರೆದ ಊರು. ಇಲ್ಲಿಯ ಕಾರಿಗೆ ಬ್ರೆಜಿಲಿನ ತಾಳೆಯೇ ಆಗಬೇಕು.

ಎರಡನೆಯದು ಪಾಲಿಮರ್ ಸೀಲೆಂಟ್. ಪಾಪ, ಅದಕ್ಕೆ ಗತ್ತಿನ ಹೆಸರಿಲ್ಲ. ಕೆಲಸ ಮಾಡುತ್ತದೆ. ಅದಕ್ಕೇ ಕೆಳಗಿನ ಹಲಗೆಯಲ್ಲಿ ಧೂಳು ತಿನ್ನುತ್ತದೆ.

ಮೂರನೆಯದು ಸೆರಾಮಿಕ್ ಸ್ಪ್ರೇ. ಇದರ ಮುಖದ ಮೇಲೆ ಎಸ್‌ಐಓ2 ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಸಿಲಿಕಾನ್ ಡೈಆಕ್ಸೈಡ್. ಚಂದ್ರಗಿರಿ ಹೊಳೆಯಿಂದ ರಾತ್ರಿ ಟಿಪ್ಪರಿನಲ್ಲಿ ಹೋಗುವ ಹೊಯಿಗೆಯೂ ಬಹುಪಾಲು ಅದೇ. ಟಿಪ್ಪರಿನಲ್ಲಿ ಹೋದರೆ ಅದಕ್ಕೆ 2001ರ ಕಾನೂನು ಉಂಟು, ಪೊಲೀಸರು ಉಂಟು, ಪೊಲೀಸರಿಗೆ ಕೊಡುವುದೂ ಉಂಟು ಎನ್ನುತ್ತಾರೆ. ಬಾಟಲಿಯಲ್ಲಿ ಬಂದರೆ ತಂತ್ರಜ್ಞಾನ. ಅದೂ ಪೂರ್ತಿ ಹೊಯಿಗೆಯಲ್ಲ. ಇಂಥ ಸ್ಪ್ರೇಗಳಲ್ಲಿ ಹೆಚ್ಚಿನ ಪಾಲು ನೀರು, ಉಳಿದದ್ದರಲ್ಲಿ ಸಿಲಿಕೋನ್ ಬಳಗದ ರಾಸಾಯನಿಕ. ನೀರಿಗೆ ಇಷ್ಟು ದುಡ್ಡು ಕೊಡುವವನು ವಾಟರ್ ಅಥಾರಿಟಿಯ ಬಿಲ್ಲು ಬಂದಾಗ ಮಾತ್ರ ಕ್ರಾಂತಿಕಾರಿ.

ನಾಲ್ಕನೆಯದು ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರಿನ ಇಬ್ಬರು ವಿಜ್ಞಾನಿಗಳು ಅಂಟುಪಟ್ಟಿ ಬಳಸಿ ಗ್ರಾಫೈಟಿನಿಂದ ಪರಮಾಣುವಿನಷ್ಟೇ ದಪ್ಪದ ಪದರ ಬಿಡಿಸಿದರು. 2010ರಲ್ಲಿ ನೊಬೆಲ್ ಬಂತು. ಈಗ ಆ ನೊಬೆಲ್ ಬದಿಯಡ್ಕದ ಅಂಗಡಿಯಲ್ಲಿ, ಡ್ಯಾಶ್‌ಬೋರ್ಡಿಗೆ ಅಂಟಿಸುವ ಪ್ಲಾಸ್ಟಿಕ್ ಗಣಪತಿಯ ಪಕ್ಕ ಕೂತಿದೆ. ಬಾಟಲಿಯೊಳಗೆ ಗ್ರಾಫೀನ್ ಎಷ್ಟು? ಕೇಳಿ ನೋಡಿ. "ಒಳ್ಳೆ ಮೂವಿಂಗ್ ಉಂಟು ಸರ್" ಎಂಬ ಉತ್ತರ ಬರುತ್ತದೆ.

ಇದಕ್ಕೂ ಮೊದಲು ಟೆಫ್ಲಾನ್ ಯುಗ ಇತ್ತು. ಹೊಸ ಕಾರಿನ ಬಿಲ್ಲಿನಲ್ಲಿ, ಇನ್ಶೂರೆನ್ಸಿನ ಕೆಳಗೆ, ಫ್ಲೋರ್ ಮ್ಯಾಟಿನ ಮೇಲೆ ಒಂದು ಸಾಲು: ಟೆಫ್ಲಾನ್ ಕೋಟಿಂಗ್. ಕೆಲವು ಸಾವಿರ. ಟೆಫ್ಲಾನ್ ಎಂಬ ವಸ್ತು ಕರಗುವುದು ಸುಮಾರು 327 ಡಿಗ್ರಿಯಲ್ಲಿ. ಕಾವಲಿಗೆ ಅದನ್ನು ಹಿಡಿಸಲು ಕಾರ್ಖಾನೆಯಲ್ಲಿ ಆ ಬಿಸಿ ಬೇಕು. ಶೋರೂಮಿನ ಹುಡುಗ ಎಸಿ ಹಾಕಿಕೊಂಡು ಸ್ಪಂಜಿನಲ್ಲಿ ಉಜ್ಜಿದರೆ ಅದು ಕಾರಿಗೆ ಹೇಗೆ ಹಿಡಿಯುತ್ತದೆ? ಯಾರೂ ಕೇಳಲಿಲ್ಲ. ಕೇಳುವ ಬಾಯಿಯಲ್ಲಿ ಶೋರೂಮಿನವರು ಕೊಟ್ಟ ಪೇಡಾ ಇತ್ತು.

ಈಗಿನ ಮಂತ್ರ 9ಎಚ್. ಗಟ್ಟಿತನದಲ್ಲಿ ವಜ್ರಕ್ಕೆ 10, ಇದಕ್ಕೆ 9, ಹಾಗಾದರೆ ವಜ್ರದ ತಮ್ಮ ಎಂದು ನಮ್ಮವರು ಲೆಕ್ಕ ಹಾಕಿದ್ದಾರೆ. ಕಂಪೆನಿಗಳು ಆ ಲೆಕ್ಕವನ್ನು ತಿದ್ದುವ ಗೋಜಿಗೆ ಹೋಗಿಲ್ಲ. 9ಎಚ್ ಎಂಬುದು ಪೆನ್ಸಿಲಿನ ಅಳತೆ. ಚಿತ್ರ ಬಿಡಿಸುವವರ ಪೆಟ್ಟಿಗೆಯಲ್ಲಿರುತ್ತದಲ್ಲ, ಬಿ, ಎಚ್‌ಬಿ, 2ಎಚ್, ಆ ಸಾಲಿನ ತುದಿಯ ಪೆನ್ಸಿಲು 9ಎಚ್. ಅದರಿಂದ ಗೀರಿದರೂ ಗೆರೆ ಬೀಳಲಿಲ್ಲ ಎಂದು ಅರ್ಥ. ಅಷ್ಟೇ. ನಿಮ್ಮ ಕಾರಿಗೆ ಪೆನ್ಸಿಲು ಹಿಡಿದುಕೊಂಡು ಬರುವ ಶತ್ರು ಯಾರಿದ್ದಾರೆ? ನೆರೆಮನೆಯ ಒಂದನೇ ಕ್ಲಾಸಿನ ಹುಡುಗ ಇರಬಹುದು. ಅವನು ಬಳಸುವುದು ಕಲ್ಲು.

ವಿಡಿಯೋಗಳ ಬಗ್ಗೆ ಹೇಳದಿದ್ದರೆ ಅನ್ಯಾಯ. ಬಾನೆಟಿನ ಅರ್ಧಕ್ಕೆ ಸ್ಪ್ರೇ ಹೊಡೆದು ಲೈಟರಿನಿಂದ ಬೆಂಕಿ ಹಿಡಿಯುತ್ತಾರೆ. ನೋಡಿ, ಏನೂ ಆಗಲಿಲ್ಲ. ಸ್ಪ್ರೇ ಹೊಡೆಯದ ಅರ್ಧಕ್ಕೂ ಏನೂ ಆಗುತ್ತಿರಲಿಲ್ಲ. ಅದನ್ನು ಅವರು ತೋರಿಸುವುದಿಲ್ಲ. ಕಾರಿನ ಬಣ್ಣ ಕಾರ್ಖಾನೆಯ ಒಲೆಯಲ್ಲಿ ಬೆಂದೇ ಬಂದದ್ದು.

ಆಮೇಲೆ ನೀರಿನ ಮಣಿ. ಹನಿ ಉರುಳುವುದನ್ನು ನಿಧಾನಗತಿಯಲ್ಲಿ, ಹಿನ್ನೆಲೆಗೆ ಕೊಳಲು ಹಾಕಿ ತೋರಿಸುತ್ತಾರೆ. ನಮ್ಮ ತೋಟದ ಬದಿಯ ಕೆಸುವಿನ ಎಲೆ ಈ ಸರ್ಕಸ್ಸನ್ನು ಪುಕ್ಕಟೆ ಮಾಡುತ್ತಲೇ ಇದೆ. ಅದನ್ನು ಕೊಯ್ದು ಪತ್ರೊಡೆ ಮಾಡಿ ತಿಂದವರೇ ಬಾನೆಟಿನ ಮೇಲಿನ ಹನಿ ನೋಡಿ ಬಾಯಿ ಬಿಡುತ್ತಾರೆ. ಕೆಸುವಿನ ಎಲೆಯ ಮೇಲೆ ಮೇಣ ಮಾತ್ರವಲ್ಲ, ಕಣ್ಣಿಗೆ ಕಾಣದ ಉಬ್ಬುಗಳಿವೆ. ಹನಿ ಉಬ್ಬಿನ ತುದಿಯಲ್ಲಿ ನಿಂತು ಉರುಳುತ್ತದೆ, ಹೋಗುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ಬಾರ್ಟ್‌ಲಾಟ್ ತಾವರೆಯ ಎಲೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ಸ್ಪ್ರೇ ಹೊಡೆದ ಕಾರಿಗೆ ಆ ಉಬ್ಬುಗಳಿಲ್ಲ, ಜಾರುವ ಮೈ ಮಾತ್ರ. ಆದ್ದರಿಂದ ನೀರು ಹೋಗುತ್ತದೆ, ಮುರಕಲ್ಲಿನ ಕೆಂಪು ಧೂಳು ಕೂತಲ್ಲೇ ಕೂರುತ್ತದೆ. ಮರುದಿನ ಬೆಳಿಗ್ಗೆ ಯಜಮಾನರು ಒಣ ಬಟ್ಟೆ ತೆಗೆದುಕೊಂಡು ಆ ಧೂಳನ್ನು ಉಜ್ಜುತ್ತಾರೆ. ಧೂಳಿನಲ್ಲಿರುವುದು ನಿಜವಾದ ಹೊಯಿಗೆ, ಬಾಟಲಿಯದ್ದಲ್ಲ. ಹೊಳಪಿನ ಕ್ಲಿಯರ್ ಕೋಟ್ ಇರುವುದೇ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಸ್ಪ್ರೇಯ ಪದರ ಒಂದು ಮೈಕ್ರಾನ್ ಕೂಡ ಇಲ್ಲ. ಬಾನೆಟಿನ ಮೇಲೆ ಚಕ್ರಾಕಾರದ ಗೀರುಗಳು ಎದ್ದಾಗ ಯಜಮಾನರ ತೀರ್ಪು: "ಈ ಬ್ರ್ಯಾಂಡ್ ಸರಿ ಇಲ್ಲ."

ನನಗೆ ಅತ್ಯಂತ ಸಿಟ್ಟು ಬರುವುದು ಇಲ್ಲಿ. ಹೀಗೆ ಮೋಸ ಹೋಗುತ್ತಿರುವವರು ದಡ್ಡರಲ್ಲ. ಸ್ಪ್ರೇ ಎಂದರೇನು ಎಂದು ಇವರಿಗೆ ಗೊತ್ತಿರುವಷ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.

ಮಳೆ ಹಿಡಿಯುವ ಮುಂಚೆ ಅಡಿಕೆ ತೋಟಕ್ಕೆ ಬನ್ನಿ. ಮದ್ದು ಬಿಡುವ ಸಮಯ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಮಾಡಿದರೆ ಪಾಕ ಕೆಟ್ಟಿತು. ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಇನ್ನಷ್ಟು ಹಾಕು. ಮತ್ತೆ ಅದ್ದು. ಗೊನೆಗೆ ಅಂಟಿ ನಿಲ್ಲಲು ರಾಳ ಸೇರಿಸು. ಅವತ್ತು ಕಲಸಿದ್ದನ್ನು ಅವತ್ತೇ ಮುಗಿಸು. 40-45 ದಿನ ಬಿಟ್ಟು ಎರಡನೇ ಸಲ.

ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಮದ್ದು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸರಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹಚ್ಚಿದರು. ಅಂದಿನಿಂದ ನಮ್ಮ ಅಜ್ಜಂದಿರು ಪ್ರಯೋಗಾಲಯವಿಲ್ಲದೆ ರಸಾಯನಶಾಸ್ತ್ರ ಮಾಡಿದರು. ಕತ್ತಿ ಅದ್ದದೆ ಯಾರೂ ಮರದ ಮೇಲೆ ಆಳನ್ನು ಹತ್ತಿಸಲಿಲ್ಲ.

ಆ ಅಜ್ಜನ ಮೊಮ್ಮಗ ಇವತ್ತು 1500 ರೂಪಾಯಿಯ ಬಾಟಲಿಯನ್ನು ಯಾವ ಕತ್ತಿಯನ್ನೂ ಅದ್ದದೆ ಕಾರಿಗೆ ಹೊಡೆಯುತ್ತಾನೆ. ಸುಡುವ ಬಿಸಿಲಿನಲ್ಲಿ, ಮೊಟ್ಟೆ ಬೇಯುವಷ್ಟು ಕಾದ ಬಾನೆಟಿಗೆ. ಒರೆಸುವ ಮೊದಲೇ ಅದು ಒಣಗಿ ಕಲೆ ಕಟ್ಟುತ್ತದೆ. ನೆರಳಿನಲ್ಲಿ ಹೊಡೆಯಿರಿ, ಒಂದೊಂದೇ ಭಾಗ ಮಾಡಿ, ಕೂಡಲೇ ಒರೆಸಿ ಎಂದು ಬಾಟಲಿಯ ಹಿಂಬದಿಯಲ್ಲಿ ಬರೆದಿದೆ. ಹಿಂಬದಿ ಯಾರು ಓದುತ್ತಾರೆ? ಮುಂಬದಿಯಲ್ಲಿ 9ಎಚ್ ಇದೆಯಲ್ಲ.

ಅದೇ ಮೊಮ್ಮಗ ತೋಟಕ್ಕೆ ಮದ್ದು ಬಿಡುವ ದಿನ ಆ ಕಾರನ್ನು ಅಂಗಳದ ಬದಿಯ ಕಂಗಿನ ಬುಡದಲ್ಲೇ ನಿಲ್ಲಿಸುತ್ತಾನೆ. ಸಂಜೆಗೆ ಕಾರಿನ ತುಂಬ ನೀಲಿ ಚುಕ್ಕಿ. ಬೈಗುಳ ಮದ್ದು ಬಿಟ್ಟವನಿಗೆ.

ಇನ್ನು ನೀರು. ಯಾವ ಸ್ಪ್ರೇ ಎಂದು ಕೇಳುವವರು ಯಾವ ನೀರು ಎಂದು ಕೇಳುವುದೇ ಇಲ್ಲ. ಕೇಳಬೇಕಾದ್ದು ಅದನ್ನೇ. ಒಳನಾಡಿನ ಮುರಕಲ್ಲಿನ ಬಾವಿಯ ನೀರು, ಬಾಯಾರು, ಶೇಣಿ, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮೆದು. ಒಣಗಿದರೂ ಅಷ್ಟಾಗಿ ಕಲೆ ಬಿಡುವುದಿಲ್ಲ. ಕಡಲ ಬದಿಯ ಬಾವಿಯದ್ದು ಬೇಸಿಗೆಯಲ್ಲಿ ಉಪ್ಪು. ಕಾಸರಗೋಡು ಪೇಟೆಯ ನಳ್ಳಿಯಲ್ಲಂತೂ ವರ್ಷಗಟ್ಟಲೆ ಏಪ್ರಿಲ್ ಬಂತೆಂದರೆ ಉಪ್ಪುನೀರು ಬರುತ್ತಿತ್ತು. ಪಯಸ್ವಿನಿ ಹೊಳೆಗೆ ಬಾವಿಕ್ಕೆರೆಯಲ್ಲಿ ಪ್ರತಿ ವರ್ಷ ಹೊಯಿಗೆ ಚೀಲದ ಕಟ್ಟ ಕಟ್ಟುತ್ತಿದ್ದರು, ಪ್ರತಿ ವರ್ಷ ಅದು ಕೊಚ್ಚಿಹೋಗುತ್ತಿತ್ತು. ಶಾಶ್ವತ ಅಣೆಕಟ್ಟು ಮುಗಿಯುವಷ್ಟರಲ್ಲಿ ಒಂದು ತಲೆಮಾರು ಉಪ್ಪುನೀರಿನಲ್ಲೇ ಚಹಾ ಕುಡಿದು ಬೆಳೆದಿತ್ತು.

ಅಂಥ ಉಪ್ಪುನೀರಿನಿಂದ ಕಾರು ತೊಳೆದು, ಬಿಸಿಲಿಗೆ ಬಿಟ್ಟು, ಮೇಲೆ ಸೆರಾಮಿಕ್ ಹೊಡೆದರೆ ಏನಾಗುತ್ತದೆ? ಉಪ್ಪಿನ ಕಲೆಗೆ ರಕ್ಷಣೆ ಸಿಗುತ್ತದೆ. ನೀರು ಮಣಿಯಾಗಿ ನಿಲ್ಲುವುದರಿಂದ ಕಲೆಯೂ ಗುಂಡಗೆ, ಚಂದಕ್ಕೆ ಬರುತ್ತದೆ.

2017ರ ಅಂತರ್ಜಲ ಲೆಕ್ಕದಲ್ಲಿ ಕಾಸರಗೋಡು ಬ್ಲಾಕಿಗೆ ಗಂಭೀರ ಸ್ಥಿತಿ ಎಂಬ ಬಿರುದು ಸಿಕ್ಕಿತ್ತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಗೆ! ಮಾರ್ಚಿನಲ್ಲಿ ಖಾಲಿ ಕೊಡ ಹಿಡಿದು ಪಂಚಾಯತು ಕಚೇರಿಯ ಮುಂದೆ ಫೋಟೋ ತೆಗೆಸಿಕೊಂಡವರು ಆದಿತ್ಯವಾರ ಬೋರ್‌ವೆಲ್ಲಿನ ಪೈಪು ಹಿಡಿದು ಕಾರಿನ ಮುಂದೆ ನಿಲ್ಲುತ್ತಾರೆ. ಎರಡೂ ಕೈ ಒಬ್ಬನದೇ. ನೊರೆ ಇಳಿದು ತೋಡಿಗೆ ಹೋಗುತ್ತದೆ. ತೋಡಿನ ಕೆಳಗೆ ಯಾರೋ ಹಸುವಿಗೆ ನೀರು ಕುಡಿಸುತ್ತಿರುತ್ತಾರೆ. ಅದು ಅವರ ಹಸು.

ಕಾರಿನ ನಿಜವಾದ ಶತ್ರು ಎಲ್ಲಿದ್ದಾನೆ ಎಂದೂ ಯಾರಿಗೂ ಬೇಡ. ಕಡಲ ಗಾಳಿಯ ಉಪ್ಪು ಬಾನೆಟಿನ ಮೇಲೆ ಕುಣಿಯುವುದಿಲ್ಲ. ಅಡಿಯಲ್ಲಿ ಸೇರುತ್ತದೆ. ಮಡ್‌ಗಾರ್ಡಿನ ಒಳಮಗ್ಗುಲಲ್ಲಿ, ಬಾಗಿಲಿನ ಕೆಳಅಂಚಿನಲ್ಲಿ, ಸೈಲೆನ್ಸರಿನ ಬೆಸುಗೆಯಲ್ಲಿ. ಅಲ್ಲಿ ಮಳೆಗಾಲದ ಕೆಸರು ಮೆತ್ತಿ ಒದ್ದೆಯಾಗಿಯೇ ಇರುತ್ತದೆ. ತುಕ್ಕು ಹುಟ್ಟುವುದು ಅಲ್ಲಿ. ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ಹೆದ್ದಾರಿ ಅಗಲ ಮಾಡುವ ನೆಪದಲ್ಲಿ ವರ್ಷಗಟ್ಟಲೆ ಎದ್ದ ಜಲ್ಲಿ ಬಾಗಿಲ ಬುಡದ ಬಣ್ಣವನ್ನು ಕುಕ್ಕಿ ತೆಗೆದಿದೆ. ಸ್ಪ್ರೇಯ ಬಾಟಲಿಯನ್ನು ಅಲ್ಲಿಗೆ ಒಯ್ಯಬೇಕಾದರೆ ಬಗ್ಗಬೇಕು. ಬಗ್ಗಿದರೆ ನೆರೆಮನೆಯವರಿಗೆ ಕಾಣುವುದಿಲ್ಲ. ಕಾಣದ ಕೆಲಸ ಮಾಡುವವರು ನಾವಲ್ಲ. ಈ ವಿಷಯದಲ್ಲಿ ನಾವೂ ನಮ್ಮ ಸರಕಾರವೂ ಒಂದೇ ಗೋತ್ರ.

ಕಾರನ್ನು ಮಧೂರಿನ ಗಣಪತಿಯ ಬಳಿಗೆ ಒಯ್ದು ಪೂಜೆ ಮಾಡಿಸುತ್ತಾರೆ. ಒಳ್ಳೆಯದು. ಚಕ್ರದಡಿಗೆ ಲಿಂಬೆ, ಬಾನೆಟಿಗೆ ಕುಂಕುಮ. ಅರಸಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಬಿಳಿ ಕಾರಿನ ಮೇಲೆ ಎರಡು ಬಿಸಿಲು ಕಂಡರೆ ಕಲೆ ಹೋಗುವುದಿಲ್ಲ. ಆಮೇಲೆ ಅದನ್ನು ಕೆರೆಯಲು ಒಂದು ಬಾಟಲಿ, ಕೆರೆದಲ್ಲಿ ಹೊಳಪು ತರಲು ಇನ್ನೊಂದು. ವಿಘ್ನ ನಿವಾರಕನಿಗೆ ಒಪ್ಪಿಸಿದ ಮೇಲೂ 9ಎಚ್ ಬೇಕು. ಇಬ್ಬರಲ್ಲಿ ಒಬ್ಬರ ಮೇಲಾದರೂ ಪೂರ್ತಿ ನಂಬಿಕೆ ಇಡಿ ಮಾರಾಯ್ರೆ.

ಈಗ ಆ ಬಾಟಲಿಯನ್ನು ತಿರುಗಿಸಿ. ಹಿಂಬದಿ ಓದಿ.

ಮಕ್ಕಳಿಂದ ದೂರವಿಡಿ. ಕೈಗವಸು ಹಾಕಿ. ಗಾಳಿಯಾಡುವ ಜಾಗದಲ್ಲಿ ಬಳಸಿ. ಕಣ್ಣಿಗೆ ಬಿದ್ದರೆ ತುಂಬ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಉಸಿರಿನೊಂದಿಗೆ ಎಳೆದುಕೊಳ್ಳಬೇಡಿ. ಉಳಿದದ್ದನ್ನು ಚರಂಡಿಗೆ ಸುರಿಯಬೇಡಿ.

ಕಾರಿನ ಅರ್ಧ ಲೀಟರ್ ಹೊಳಪಿಗೆ ಇಷ್ಟು ಎಚ್ಚರಿಕೆ.

ಇದು ಯಾವ ಜಿಲ್ಲೆ ಎಂದು ಮರೆತಿದೆಯೇ? 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿ ಆಕಾಶದಿಂದ ಸ್ಪ್ರೇ ಬಿತ್ತು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ, ಟೀ ಸೊಳ್ಳೆ ಎಂದು ಕರೆಯುವ ಒಂದು ಕೀಟವನ್ನು ಕೊಲ್ಲಲು, ಹೆಲಿಕಾಪ್ಟರಿನಲ್ಲಿ, ವರ್ಷಕ್ಕೆ ಎರಡು ಮೂರು ಸಲ. ಎಂಡೋಸಲ್ಫಾನ್. ಅದೂ ರಕ್ಷಣೆಯ ಸ್ಪ್ರೇಯೇ. ರಕ್ಷಣೆ ಗೇರುಬೀಜಕ್ಕೆ. ಎಣ್ಮಕಜೆಯ ಪಡ್ರೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಪುಲ್ಲೂರು-ಪೆರಿಯ, ಪನತ್ತಡಿ. ಗುಡ್ಡದ ಮೇಲೆ ಗೇರು, ಗುಡ್ಡದ ಬುಡದಲ್ಲಿ ಮನೆ. ಮೇಲೆ ಬಿದ್ದದ್ದು ಕೆಳಗೆ ಇಳಿಯಿತು. ನೀರು ಇಳಿಯುವ ದಿಕ್ಕು ಕಾರ್ಪೊರೇಶನ್ನಿಗೆ ಗೊತ್ತಿರಲಿಲ್ಲವೇನೋ.

ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿದ್ದರಂತೆ. ಅದೇ ಆ ಬಾಟಲಿಯ ಹಿಂಬದಿ. ಬಾವಿ ಮುಚ್ಚಬಹುದು. ಸುರಂಗ ಮುಚ್ಚುವುದು ಹೇಗೆ? ತೋಡು? ಮದಕ? ಮೇಯುವ ಹಸುವಿನ ಬಾಯಿ? ಶಾಲೆಯಿಂದ ನಡೆದು ಬರುವ ಮಗುವಿನ ಮೂಗು?

ವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಎಂಬತ್ತರ ದಶಕದ ಆರಂಭದಲ್ಲೇ ಬರೆದರು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಗಳು ಸಹಜವಾದವಲ್ಲ ಎಂದು ಹೇಳುತ್ತ ಹೋದರು. ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯ ನೌಕರೆ, ಹೊಸದುರ್ಗದ ಕೋರ್ಟಿಗೆ ಹೋಗಿ ಹೆಲಿಕಾಪ್ಟರನ್ನು ನಿಲ್ಲಿಸಿದರು. ಒಬ್ಬ ಬರಹಗಾರ, ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಹೆಂಗಸು. ಸರಕಾರ ಏನು ಮಾಡಿತು? ಕೋಟಿಂಗ್ ಮಾಡಿತು. ಒಂದು ಸಮಿತಿ, ಅದರ ಮೇಲೆ ಇನ್ನೊಂದು. ಅಚ್ಯುತನ್ ಸಮಿತಿ. ದುಬೆ ಸಮಿತಿ. ಮಾಯೀ ಸಮಿತಿ. ಕೆಲವು ವರದಿಗಳಿಂದ ಹೊಣೆ ಮಣಿಮಣಿಯಾಗಿ ಉರುಳಿಹೋಯಿತು. ಆ ಮಟ್ಟದ ಜಾರಿಕೆ ಕೊಡುವ ಸ್ಪ್ರೇ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ. ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸುವುದಕ್ಕೆ ಭಾರತ ಅಡ್ಡ ನಿಂತಿತು. ವಿನಾಯಿತಿ ಸಿಕ್ಕ ಮೇಲೆ ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನಿಗೇ ತಡೆಯಾಜ್ಞೆ ಕೊಟ್ಟಿತು. 2017ರ ಜನವರಿ 10ರಂದು ಅದೇ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ, ಮೂರು ತಿಂಗಳೊಳಗೆ ಕೊಡಿ ಎಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಿನಲ್ಲಿ ಕೋರ್ಟು ಲೆಕ್ಕ ಕೇಳಿದಾಗ 3704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ. ಕಾರಿನ ಸೆರಾಮಿಕ್ ಕೋಟಿಂಗಿಗೆ ಐದು ವರ್ಷದ ವಾರಂಟಿ ಇರುತ್ತದೆ. ಸುಪ್ರೀಂ ಕೋರ್ಟಿನ ಆದೇಶಕ್ಕೆ ಅಷ್ಟೂ ಬಾಳಿಕೆ ಇರಲಿಲ್ಲ.

ಗಡಿಯಾಚೆಯವರು ಬೀಗಬೇಕಾಗಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಇದೇ ಗೇರು, ಇದೇ ಹೆಲಿಕಾಪ್ಟರು, ಇವೇ ರೋಗ ಹೊತ್ತ ಮಕ್ಕಳು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸುಗಳು ಹಿಂದಿರುಗಿದವು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ. ದಶಕ ದಾಟಿದರೂ ದೊಡ್ಡ ಕಾಯಿಲೆ ಬಂದವರು ಮಂಗಳೂರಿನ ದಾರಿಯನ್ನೇ ಹಿಡಿಯುತ್ತಾರೆ. ಕಾರು ಬೇಕಾಗುವುದು ಅದಕ್ಕೆ. ಹೊಳೆಯುವ ಕಾರು.

ಉಳಿದದ್ದನ್ನು ಚರಂಡಿಗೆ ಸುರಿಯಬೇಡಿ ಎಂಬ ಸಾಲಿನ ಕತೆಯನ್ನೂ ಕೇಳಿ. ಬಳಸದೆ ಉಳಿದ ಎಂಡೋಸಲ್ಫಾನ್ ಕಾರ್ಪೊರೇಶನ್ನಿನ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಹಳೆ ಬ್ಯಾರೆಲ್ಲು ತುಕ್ಕು ಹಿಡಿದು ಸೋರತೊಡಗಿದಾಗ 2012ರಲ್ಲಿ ಹೊಸ ಬ್ಯಾರೆಲ್ಲಿಗೆ ತುಂಬಿದರು. ತುಕ್ಕು! ಬ್ಯಾರೆಲ್ಲಿಗೆ ಒಂದು ಕೋಟ್ ಸೆರಾಮಿಕ್ ಹೊಡೆಯುವ ಬುದ್ಧಿ ಯಾರಿಗೂ ಬರಲಿಲ್ಲ. ಗಡಿಯ ಮಿಂಚಿನಪದವಿನ ಹಾಳು ಬಾವಿಯೊಂದಕ್ಕೆ ಎಂಡೋಸಲ್ಫಾನ್ ಹಾಕಿ ಮಣ್ಣು ಮುಚ್ಚಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅರ್ಧ ಲೀಟರಿನ ಬಾಟಲಿಗೆ ಚರಂಡಿ ನಿಷಿದ್ಧ. ಬ್ಯಾರೆಲ್ಲಿನ ದೂರು ಬಾವಿಯವರೆಗೆ.

"ಅದು ವಿಷ, ಇದು ಪಾಲಿಶ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುದು ಸರಿಯಲ್ಲ ಭಾವ" ಎನ್ನುತ್ತಾರೆ. ಒಪ್ಪಿದೆ. ತಕ್ಕಡಿ ಬೇರೆ. ಒಪ್ಪಂದ ಮಾತ್ರ ಒಂದೇ. ಎಂಡೋಸಲ್ಫಾನ್ ಸೇರಿದ ಆ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗಳಿಗೆ 2009ರಲ್ಲಿ ಪಿಎಫ್‌ಓಎಸ್ ಸೇರಿತ್ತು, 2019ರಲ್ಲಿ ಪಿಎಫ್‌ಓಎ. ನೀರನ್ನೂ ಎಣ್ಣೆಯನ್ನೂ ದೂರ ತಳ್ಳುವ ಫ್ಲೋರಿನ್ ರಾಸಾಯನಿಕಗಳು. ಬಟ್ಟೆ, ಜಮಖಾನೆಗಳಿಗೆ ಹೊಡೆಯುವ ಕಲೆನಿರೋಧಕ ಸ್ಪ್ರೇಗಳಲ್ಲಿ ಮೊದಲನೆಯದರ ಬಳಗ ಇರುತ್ತಿತ್ತು. ಟೆಫ್ಲಾನ್ ತಯಾರಿಕೆಗೆ ದಶಕಗಳ ಕಾಲ ಬಳಸಿದ್ದು ಎರಡನೆಯದನ್ನು. ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ ವಿಘಟನೆಯಾಗದೆ ಉಳಿಯುತ್ತವೆ. ಹತ್ತು ವರ್ಷ ಹೋಗದ ಹೊಳಪು ಬೇಕು ಎಂದು ನೀವೇ ಕೇಳಿದ್ದಲ್ಲವೇ? ಹೋಗುವುದಿಲ್ಲ. ಕಾರಿನಿಂದ ಹೋದರೂ ತೋಡಿನಿಂದ ಹೋಗುವುದಿಲ್ಲ.

ಎಲ್ಲ ಬಾಟಲಿಯಲ್ಲೂ ಅದಿಲ್ಲ. ನೀರು ಬೆರೆಸಿದ ಸಿಲಿಕೋನ್ ಸ್ಪ್ರೇಗಳು, ಮೇಣದ ಸ್ಪ್ರೇಗಳು ಹೆಚ್ಚಿನವು ಈ ಜಾತಿಯವಲ್ಲ. ಆದರೆ ಯಾವುದರಲ್ಲಿ ಉಂಟು, ಯಾವುದರಲ್ಲಿ ಇಲ್ಲ ಎಂದು ಒಬ್ಬನಾದರೂ ಅಂಗಡಿಯವನನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಜಗತ್ತಿನಲ್ಲಿ ಬೇರೆ ಯಾರು ಕೇಳದಿದ್ದರೂ ಈ ಪ್ರಶ್ನೆ ಕಾಸರಗೋಡಿನವನ ಬಾಯಿಂದ ಮೊದಲು ಬರಬೇಕಿತ್ತು. ಅವನು ಕೇಳುವ ಪ್ರಶ್ನೆ: "ಇದಕ್ಕೆ ಬಟ್ಟೆ ಫ್ರೀ ಉಂಟಾ?"

ಸರಿ, ಯಾವುದು ತೆಗೆದುಕೊಳ್ಳುವುದು ಎಂದು ಇನ್ನೂ ಕೇಳುತ್ತೀರಿ. ನಿಮ್ಮ ಮುಖದಲ್ಲೇ ಕಾಣುತ್ತದೆ.

ನೀರಿನ ಆಧಾರದ ಯಾವುದಾದರೂ ಅಗ್ಗದ ಸೀಲೆಂಟ್ ಸ್ಪ್ರೇ. ಫ್ಲೋರಿನ್ ಇಲ್ಲ ಎಂದು ಬರೆದದ್ದು ಸಿಕ್ಕಿದರೆ ಅದು. ಬಟ್ಟೆ ತೊಳೆಯುವ ಪುಡಿ ಹಾಕಿ ತೊಳೆಯಬೇಡಿ, ಹಿಂದೆ ಹಾಕಿದ ಮೇಣ ಅದರಲ್ಲೇ ಹೋಗುತ್ತದೆ. ಎರಡು ಬಾಲ್ದಿ ಇಡಿ, ಒಂದರಲ್ಲಿ ಶ್ಯಾಂಪೂ, ಒಂದರಲ್ಲಿ ಬಟ್ಟೆ ಹಿಂಡಲು ಬರಿ ನೀರು. ಸಿಹಿನೀರಿನಿಂದ ತೊಳೆಯಿರಿ. ನೆರಳಿಗೆ ತಂದು ಬಟ್ಟೆಗೆ ಎರಡು ಸಲ ಹೊಡೆದು ಒರೆಸಿ, ಬೇರೆ ಒಣಬಟ್ಟೆಯಲ್ಲಿ ಮತ್ತೆ ಒರೆಸಿ. ಗಾಜಿಗೆ, ಬ್ರೇಕಿನ ಡಿಸ್ಕಿಗೆ ತಾಗಿಸಬೇಡಿ. ಒಂದೆರಡು ತಿಂಗಳು ನಿಲ್ಲುತ್ತದೆ. ನಮ್ಮ ಜುಲೈ ಮಳೆಗೆ ಅಷ್ಟೂ ನಿಲ್ಲದು. ನಿಲ್ಲದಿದ್ದರೆ ಇನ್ನೊಮ್ಮೆ ಹೊಡೆಯಿರಿ. ಉಳಿದ ದುಡ್ಡಿನಲ್ಲಿ ವಾಟರ್ ಸರ್ವಿಸಿನವನಿಗೆ ಹೇಳಿ ಅಡಿಭಾಗ ತೊಳೆಸಿ. ಹಲಸಿನ ಮರದಡಿ ನಿಲ್ಲಿಸಬೇಡಿ. ಮುಗಿಯಿತು.

ಇಷ್ಟನ್ನೂ ನನ್ನ ನೆರೆಯವರಿಗೆ ಹೇಳಿದೆ. ತಲೆಯಾಡಿಸಿದರು. ಗ್ರಾಫೀನ್ ತಂದರು. ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ ಕಾರು ನಿಲ್ಲಿಸಿ, ತಾವು ಮೂಗಿಗೆ ಕೊರೊನಾ ಕಾಲದ ಮಾಸ್ಕು ಕಟ್ಟಿಕೊಂಡು, ಕೈಗೆ ನೀಲಿ ಗ್ಲೌಸು ಹಾಕಿಕೊಂಡು ಸ್ಪ್ರೇ ಹೊಡೆಯಲು ಶುರುಮಾಡಿದರು. ಆರು ವರ್ಷದ ಮಗ ಬರಿಗೈಯಲ್ಲಿ ಬಟ್ಟೆ ಹಿಡಿದು, ತೆರೆದ ಬಾಯಲ್ಲಿ, ಆ ಮಂಜಿನೊಳಗೇ ನಿಂತು ಒರೆಸುತ್ತಿದ್ದ.

ನಾನು ಬೇಲಿಯಾಚೆಯಿಂದ ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಗಾಬರಿಯಿಂದ ಕೂಗಿದರು: "ಏಯ್, ಅಲ್ಲಿ ತಾಗಿಸಬೇಡ! ಬೀಡಿಂಗಿನ ರಬ್ಬರು ಹಾಳಾಗ್ತದೆ!"